ಯಾರೂ ಇಲ್ಲದವರ ಚೀಟಿ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಕರೆಯುವುದಕ್ಕೇನು ಖರ್ಚೇ? ಸಂಜೆ ಐದೂವರೆಯಾದರೆ ಈ ಮಕ್ಕಳೆಲ್ಲ ಬ್ಯಾಗು ಹೆಗಲಿಗೇರಿಸಿ ಅವರವರ ಮನೆ ಸೇರುತ್ತಿದ್ದರು. ದೊಡ್ಡಮ್ಮ ತನ್ನ ಒಂದು ಕೋಣೆಯ ಮನೆಗೆ ಹೋಗಿ, ಒಂದು ದನಿಯಾದರೂ ಇರಲೆಂದು ರೇಡಿಯೋ ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದಳು.

ತನ್ನದು ಎಂದು ಅವಳಿಗೆ ಇದ್ದದ್ದು ಒಂದೇ, ಇಪ್ಪತ್ತಾರನೇ ವಯಸ್ಸಿನಲ್ಲಿ ಬರೆದ ಪ್ರೋಗ್ರಾಂ. ರೋಗಿ ದಾಖಲಾದ ಕೂಡಲೇ ಹೆಸರು, ವಯಸ್ಸು, ರಕ್ತದ ಗುಂಪು, ಕೊನೆಗೆ ಸಂಬಂಧಿಕರ ಹೆಸರು ಹಾಕಿ ಅದು ಚೀಟಿ ಮುದ್ರಿಸುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ಹೊಸಬರು ಬಂದಾಗಲೆಲ್ಲ ಮುಖ್ಯಸ್ಥರು ಅದನ್ನು ತೋರಿಸಿ, ಬರೆದರೆ ಹೀಗೆ ಬರೆಯಬೇಕು ಎನ್ನುತ್ತಿದ್ದರು. ಅವಳು ಕೇಳಿಸದವಳಂತೆ ಕೂತಿರುತ್ತಿದ್ದಳು. ಚೆನ್ನಾಗಿಯೇ ಕೇಳಿಸುತ್ತಿತ್ತು.

ಹಳೆಯ ಯಂತ್ರಕ್ಕೆ ವಯಸ್ಸಾಯಿತೆಂದು ಹೊಸದು ತರಿಸಿದರು. ಅದನ್ನು ಆರಿಸಿದವನೂ ಪ್ರೋಗ್ರಾಮನ್ನು ಅದಕ್ಕೆ ಸಾಗಿಸಿದವನೂ ಗಡ್ಡದವನು. ನಲವತ್ತು ದಾಟಿದ, ಮಾತು ಕಮ್ಮಿಯ ಸಹೋದ್ಯೋಗಿ. ಮೊದಲ ದಿನವೇ ಪ್ರೋಗ್ರಾಂ ಮೂರು ಸಲ ನೆಲಕಚ್ಚಿತು. ವಾರ ಕಳೆದರೂ ಅದೇ ಹಾಡು. ಕರೆಂಟು ಸರಿಯಿಲ್ಲ ಎಂದರು, ಧೂಳು ಎಂದರು, ಕೊನೆಗೆ ಗಡ್ಡದವನಿಗೇ ತಲೆ ಸರಿಯಿಲ್ಲ ಎಂದರು. ಸೋಮವಾರದ ಸಭೆಯಲ್ಲಿ ಅವನ ತಲೆದಂಡವಾಗುವುದು ಖಚಿತವಾಗಿತ್ತು.

ಶುಕ್ರವಾರ ಅವಳು, ಪ್ರೋಗ್ರಾಂ ಬಿದ್ದಾಗ ದಾಖಲಾಗುತ್ತಿದ್ದ ರೋಗಿಗಳ ಪಟ್ಟಿ ಮುಂದಿಟ್ಟುಕೊಂಡಳು. ಹತ್ತೊಂಬತ್ತು ಜನ. ಹತ್ತೊಂಬತ್ತು ಜನರಿಗೂ ಸಂಬಂಧಿಕರ ಜಾಗ ಖಾಲಿ. ಅವಳು ತನ್ನ ಹಳೆಯ ಪ್ರೋಗ್ರಾಂ ತೆರೆದಳು.

ಸಂಬಂಧಿಕರ ವಿವರ ಯಂತ್ರದ ನೆನಪಿನಲ್ಲಿ ಎಲ್ಲಿದೆ ಎಂಬ ವಿಳಾಸವನ್ನು ಪ್ರೋಗ್ರಾಂ ಪ್ರತಿ ರೋಗಿಯ ಜೊತೆ ಇಟ್ಟುಕೊಳ್ಳುತ್ತಿತ್ತು. ಯಾರೂ ಇಲ್ಲದಿದ್ದರೆ ವಿಳಾಸ ಸೊನ್ನೆ. ಸೊನ್ನೆಯಾದರೆ ಆ ಕಡೆ ಹೋಗಬೇಡ ಎಂದು ಒಂದು ಸಾಲು ಬರೆಯಬೇಕಿತ್ತು, ಬರೆದಿರಲಿಲ್ಲ. ಹಳೆಯ ಯಂತ್ರ ಉಡಾಫೆಯದು. ಸೊನ್ನೆಯ ಮನೆಗೂ ಹೋಗಿ, ಅಲ್ಲಿದ್ದ ಬರೀ ಸೊನ್ನೆಗಳನ್ನೇ ಖಾಲಿ ಹೆಸರೆಂದು ತಂದು, ತುಟಿಪಿಟಕ್ಕೆನ್ನದೆ ಮುಂದುವರಿಯುತ್ತಿತ್ತು. ಹೊಸದು, ಆ ಬಾಗಿಲು ಮುಟ್ಟಿದೊಡನೆ ಪ್ರೋಗ್ರಾಮನ್ನು ಕುತ್ತಿಗೆ ಹಿಡಿದು ಹೊರಹಾಕುತ್ತಿತ್ತು. ಔಷಧಿ ಉಗ್ರಾಣದ ಪುಟ್ಟ ಯಂತ್ರದಲ್ಲೂ ಓಡಿಸಿ ನೋಡಿದಳು. ಅದಕ್ಕೆ ಕಾವಲೇ ಇಲ್ಲ, ಅಲ್ಲಿ ಬಿದ್ದಿದ್ದ ಯಾವುದೋ ಕಸವನ್ನು ಹೆಸರೆಂದು ಮುದ್ರಿಸಿತು. ಮೂರರಲ್ಲಿ ನೆಟ್ಟಗೆ ನಡೆದುಕೊಂಡದ್ದು ಎಲ್ಲರೂ ಬೈಯುತ್ತಿದ್ದ ಹೊಸದೊಂದೇ.

ಆ ಸಾಲು ಯಾಕೆ ಬರೆದಿರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಆಗ ಮನೆಯಲ್ಲಿ ಹನ್ನೊಂದು ಜನ. ಅಜ್ಜಿ, ಸೋದರತ್ತೆ, ಚಿಕ್ಕಪ್ಪ, ಅವರ ಮಕ್ಕಳು; ಸ್ನಾನಕ್ಕೂ ಸರದಿ, ಜಗಳಕ್ಕೂ ಸರದಿ. ಒಬ್ಬ ಮನುಷ್ಯನಿಗೆ ಯಾರೂ ಇಲ್ಲದೆ ಇರಬಹುದು ಎಂದು ಆ ವಯಸ್ಸಿಗೆ ಹೊಳೆದೇ ಇರಲಿಲ್ಲ. ಆಮೇಲೆ ಕೆಲವರು ತೀರಿಕೊಂಡರು, ಕೆಲವರು ಮಾತು ಬಿಟ್ಟರು, ಹೋದ ವರ್ಷ ಅಕ್ಕನೂ ಹೋದಳು.

ಬಾಯಿ ಮುಚ್ಚಿಕೊಂಡಿದ್ದರೆ ಅವಳ ಹೆಸರು ಉಳಿಯುತ್ತಿತ್ತು, ಗಡ್ಡದವನ ಕೆಲಸ ಹೋಗುತ್ತಿತ್ತು. ಎರಡು ದಿನ ರಜೆ. ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಅದೇ ಅವಳಿಗೆ ತಪ್ಪಿಗಿಂತ ಹೆಚ್ಚು ಸಂಕಟ ಕೊಟ್ಟಿತು.

ಸೋಮವಾರ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದಳು. ಮುಖ್ಯಸ್ಥರು ಗಡಿಯಾರ ನೋಡಿಕೊಂಡರು.

"ಹೋಗ್ಲಿ ಬಿಡಿ ದೊಡ್ಡಮ್ಮ, ಯಾವ ಕಾಲದ್ದೋ ಏನೋ," ಎಂದು ಮುಂದಿನ ವಿಷಯ ಎತ್ತಿಕೊಂಡರು. ಗಡ್ಡದವನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮೂವತ್ತೊಂದು ವರ್ಷದ ಹೆಮ್ಮೆ ಅರ್ಧ ನಿಮಿಷದಲ್ಲಿ ಮುಗಿದಿತ್ತು.

ಮಧ್ಯಾಹ್ನ ಅವಳೂ ಗಡ್ಡದವನೂ ಆ ಸಾಲು ಸೇರಿಸಲು ಕೂತರು. ಜಾಗ ಖಾಲಿ ಬಿಟ್ಟರೆ ಬರೆಯಲು ಮರೆತಿದ್ದಾರೆಂದು ನರ್ಸುಗಳು ಹುಡುಕಾಡುತ್ತಾರೆ, ಯಾರೂ ಇಲ್ಲ ಎಂದೇ ಮುದ್ರಿಸೋಣ ಎಂದ ಗಡ್ಡದವನು. ಹಾಗೇ ಬರೆದಳು. ಪರೀಕ್ಷೆಗೆ ರೋಗಿಗಳ ವಿವರ ಬಳಸುವಂತಿರಲಿಲ್ಲ. ಅವಳು ತನ್ನದನ್ನೇ ತುಂಬಿದಳು.

ಪ್ರೋಗ್ರಾಂ ಬೀಳಲಿಲ್ಲ. ಗಡ್ಡದವನು ಚೀಟಿ ಹರಿದುಕೊಂಡು ಹೆಸರು, ವಯಸ್ಸು ಐವತ್ತೇಳು, ರಕ್ತದ ಗುಂಪು ಎಂದು ಗಟ್ಟಿಯಾಗಿ ಓದುತ್ತ ಬಂದವನು ಕೊನೆಯ ಸಾಲಿಗೆ ಸುಮ್ಮನಾದ.

"ಸರಿಯಾಗಿ ಬಂದಿದ್ಯಾ?" ಎಂದು ಕೇಳಿದಳು.

ಅವಳೇ ಚೀಟಿ ಇಸಿದುಕೊಂಡು ನೋಡಿ, ಸರಿಯಾಗಿದೆ ಎಂದು ಕೆಳಗೆ ಸಹಿ ಹಾಕಿದಳು.