ಧನಶ್ರೀಯ ಲೆಕ್ಕದ ಒಂಟಿ ಮರಿ

ಮಂಠಾಳದ ಕುರಿಗಾರ ಅಮೋಘಸಿದ್ದಪ್ಪನ ಮಗಳು ಧನಶ್ರೀ ಹೈದರಾಬಾದಿನಲ್ಲಿ ಏನು ಓದುತ್ತಾಳೆಂದು ಕೇಳಿದರೆ, ಡಿಕ್ಕಿ ಹೊಡೆಯುವುದರ ಲೆಕ್ಕ ಎಂದು ಊರವರು ನಗುತ್ತಿದ್ದರು. ಡಿಕ್ಕಿ ನೋಡಲು ಅಷ್ಟು ದೂರ ಯಾಕೆ, ಬಸವಕಲ್ಯಾಣದ ಹೈವೇಯಲ್ಲಿ ನಿಂತರೆ ಸಾಲದೇ ಎಂಬ ಕುಚೋದ್ಯ ಬೇರೆ. ನಗಲಿ ಬಿಡಿ! ಕಣ್ಣಿಗೆ ಕಾಣದ ಎರಡು ಕಣ ಡಿಕ್ಕಿ ಹೊಡೆದರೆ ಯಾವ ದಿಕ್ಕಿಗೆ ಎಷ್ಟು ಚದುರುತ್ತವೆಂದು ಬರೀ ಹಾಳೆ, ಪೆನ್ನು ಹಿಡಿದು ಹೇಳುವವರು ಮಂಠಾಳದಲ್ಲಿ ಇನ್ಯಾರಿದ್ದರು?

ಆದರೆ ಆ ಸಲ ಊರಿಗೆ ಬಂದವಳ ಮುಖದಲ್ಲಿ ಕಳೆಯೇ ಇರಲಿಲ್ಲ. ಚದುರುವ ಕಣ ಬೆಳಕಿನ ಸಣ್ಣ ತುಣುಕನ್ನು ಹೊರಗೆ ಚೆಲ್ಲಬಹುದು. ಇಲ್ಲವೇ ಚೆಲ್ಲಿದ್ದನ್ನು ಅಲ್ಲೇ ಮತ್ತೆ ಹೀರಿಕೊಳ್ಳಬಹುದು. ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಎರಡರ ಉತ್ತರವೂ ಅನಂತ. ಎರಡನ್ನೂ ಸೇರಿಸಿದಾಗ ಅನಂತಗಳು ಒಂದನ್ನೊಂದು ಹೊಡೆದುಹಾಕಿ ನಿಜವಾದ ಸಂಖ್ಯೆ ಉಳಿಯಬೇಕು. ಧನಶ್ರೀಯ ಲೆಕ್ಕದಲ್ಲಿ ಮಾತ್ರ ಅನಂತ ಹೋಗಲೊಲ್ಲದು. ಅವಳ ಮಾರ್ಗದರ್ಶಕಿ ವಿದ್ಯಾವತಿ ಹುಮನಾಬಾದಿನವರು, ಮಾತು ಖಡಕ್. ಸೋಮವಾರದ ವಿಜ್ಞಾನಿಗಳ ಸಭೆಗೆ ಮುಂಚೆ ಇದು ಸರಿಹೋಗದಿದ್ದರೆ ಅವಳ ಭಾಷಣ ರದ್ದು, ವರ್ಷಗಟ್ಟಲೆ ಮಾಡಿದ ಕೆಲಸ ಮೂಲೆಗೆ ಎಂದುಬಿಟ್ಟಿದ್ದರು. ಕೂಡಿಸಿ ಕೂಡಿಸಿ ಹುಡುಗಿಯ ತಲೆ ಕೆಟ್ಟುಹೋಗಿತ್ತು.

ಭಾನುವಾರ ಹೊತ್ತು ಇಳಿಯುವಾಗ ಹಿಂಡು ಬಂತು. ಅವರ ಮನೆಯಲ್ಲಿ ಕುರಿ ಎಣಿಸುವ ಪದ್ಧತಿಯೇ ಇಲ್ಲ. ಎಣಿಸಿದರೆ ದೃಷ್ಟಿ ತಗಲುತ್ತದಂತೆ. ಅವ್ವ ಸಖುಬಾಯಿ ಮರಿಗಳ ಗೂಡಿನ ಬಾಗಿಲು ತೆಗೆದಳು. ಮರಿಗಳು ಒದರುತ್ತ ನುಗ್ಗಿ ತಂತಮ್ಮ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದವು. ಒಂದು ಕರಿ ಮರಿ ಮಾತ್ರ ಅಂಗಳದ ನಡುವೆ ಒದರುತ್ತಲೇ ನಿಂತಿತು.

"ಇದರ ತಾಯಿ ಹಿಂದ ಉಳದದ, ನೋಡ್ಕೊಂಡ ಬರ್ರಿ," ಎಂದಳು ಅವ್ವ ಗಂಡನಿಗೆ. ಅಮೋಘಸಿದ್ದಪ್ಪ ಕೋಲು ಹಿಡಿದು ಬಂದ ದಾರಿಯಲ್ಲೇ ತಿರುಗಿ ಹೊರಟ.

ಹುಟ್ಟಿದಾಗಿನಿಂದ ನೋಡಿದ್ದೇ ಇದು. ಅಂದು ಮಾತ್ರ ಧನಶ್ರೀಗೆ ಥಟ್ಟನೆ ಹೊಳೆಯಿತು. ಎಲ್ಲವನ್ನೂ ಕೂಡಿಸುವುದೇಕೆ, ಜೋಡಿ ಹಚ್ಚಿ ನೋಡಿದರಾಯಿತಲ್ಲ!

"ಅವ್ವಾ, ನನ್ನ ಲೆಕ್ಕದಾಗೂ ಒಂದು ಮರಿ ಒಂಟಿ ನಿಂತದ!" ಎನ್ನುತ್ತ ಒಳಗೆ ಓಡಿದಳು.

ಹಾಳೆಗಳನ್ನು ನೆಲದ ತುಂಬ ಹರವಿದಳು. ಹೊರಗೆ ಚೆಲ್ಲಿದ ಒಂದೊಂದಕ್ಕೂ ಹೀರಿಕೊಂಡ ಜೋಡಿಯನ್ನು ಹುಡುಕಿ ಹೊಡೆದುಹಾಕುತ್ತ ಹೋದಳು. ಕೊನೆಗೆ ಒಂದು ಉಳಿದೇಬಿಟ್ಟಿತು. ಅದರ ಜೋಡಿ ಎಲ್ಲಿ? ಒಂದು ಕಣ ಚೆಲ್ಲಿದ್ದನ್ನು ಇನ್ನೊಂದು ಕಣ ಹೀರುವ ಭಾಗವನ್ನೇ ಅವಳು ಬಿಟ್ಟಿದ್ದಳು! ಬೇರೆ ಕುರಿಯ ಮರಿಗೆ ಹಾಲು ಕೊಡದ ಕುರಿಗಳ ನಡುವೆ ಬೆಳೆದವಳು. ಚೆಲ್ಲಿದ್ದನ್ನು ಚೆಲ್ಲಿದ ಕಣವೇ ಹೀರಬೇಕೆಂಬಂತೆ ಕೈ ತಾನಾಗಿ ಬರೆದುಕೊಂಡು ಹೋಗಿತ್ತು. ಆ ಭಾಗವನ್ನು ಸೇರಿಸಿದಳು. ಅನಂತ ಮಾಯ. ಪುಟ್ಟದೊಂದು ಸಂಖ್ಯೆ ಉಳಿಯಿತು.

"ಮೇಡಂ, ಅನಂತ ಹೋತ್ರಿ! ಪೂರಾ ಹೋತ್ರಿ!" ಎಂದು ಫೋನಿನಲ್ಲಿ ಕೂಗಿದಳು. ವಿದ್ಯಾವತಿ ಹಾಳೆಗಳ ಫೋಟೋ ತರಿಸಿಕೊಂಡು ಒಂದೊಂದೇ ಸಾಲು ನೋಡಿ ಮತ್ತೆ ಫೋನ್ ಮಾಡಿದರು.

"ನಾಳೆ ನೀನೇ ಮಾತಾಡಾಕಿ. ಈಗಿಂದೀಗ ಬಸ್ ಹಿಡಿ."

ಚೀಲ ಹೆಗಲಿಗೇರಿಸಿ ಹೊರಬಂದರೆ, ಅಪ್ಪ ಕುಂಟುವ ಕುರಿಯೊಂದನ್ನು ಎತ್ತಿಕೊಂಡು ಬಂದು ಅಂಗಳದಲ್ಲಿ ಇಳಿಸುತ್ತಿದ್ದ. ಕರಿ ಮರಿ ಓಡಿಹೋಗಿ ಕೆಚ್ಚಲಿಗೆ ಗುದ್ದಿತು.

"ನಿನ್ನ ಮರಿಗೂ ತಾಯಿ ಸಿಕ್ತೇನವಾ?" ಎಂದು ಸಖುಬಾಯಿ ಕೇಳಿದಳು.

ಧನಶ್ರೀ ಹೌದೆಂದು ತಲೆಯಾಡಿಸಿ, ಅವ್ವನ ಹೆಗಲ ಮೇಲೆ ಮುಖವಿಟ್ಟು ಅತ್ತೇಬಿಟ್ಟಳು.