ಹಣೆಯ ಮೇಲೆ ಚಾಪೆಯ ಅಚ್ಚು

ಗಲ್ಫಿನಲ್ಲಿ ನಾವೀಗ ಇರುವ ಖಾಲಿದಿಯಾದಲ್ಲಿ, ಮನೆಯ ಹತ್ತಿರದ ಅಂಗಡಿಗೆ ಕಳೆದ ವಾರ ಜಪಾನಿ ಹುಲ್ಲುಚಾಪೆಗಳು ಬಂದಿದ್ದವು. ನಾನು ಹೋಗಿದ್ದು ಬಟ್ಟೆ ಒಣಗಿಸುವ ಸ್ಟ್ಯಾಂಡ್ ತರಲು. ಒಂದು ಚಾಪೆಯ ಪ್ಲಾಸ್ಟಿಕ್ ಹೊದಿಕೆ ಮೂಲೆಯಲ್ಲಿ ಹರಿದಿತ್ತು. ಅಲ್ಲಿಂದ ಒಣಹುಲ್ಲಿನ ವಾಸನೆ ಬಂತು, ಸ್ವಲ್ಪ ಹಸಿರು ಉಳಿದ ಹುಲ್ಲಿನದು... ನಾನು ಸ್ಟ್ಯಾಂಡ್ ಮರೆತು ಚಾಪೆ ಹೊತ್ತುಕೊಂಡು ಬಂದೆ. ಗಂಡ ಚಾಪೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಒದ್ದೆ ಬಟ್ಟೆ ಇನ್ನು ಇದರ ಮೇಲೆ ಒಣಗಿಸುವುದೋ ಎಂದು ಕೇಳಿದರು. ನನಗೆ ಉಮ್ಮ ನೆನಪಾಗಿದ್ದರು.

ಉಮ್ಮ ನನಗೆ ನೆಂಟರಲ್ಲ. ಮದುವೆಗೆ ಮುಂಚೆ ನಾನು ದುಬೈಯ ಹೋಟೆಲೊಂದರಲ್ಲಿ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಅಲ್ಲಿಗೆ ವಾರಕ್ಕೊಮ್ಮೆ ಬರುತ್ತಿದ್ದ ನಮ್ಮ ಕರಾವಳಿಯ ಬ್ಯಾರಿ ಹೆಂಗಸು ಅವರು. ಮಗ ಉಮ್ಮ ಎಂದು ಕರೆಯುತ್ತಿದ್ದುದನ್ನು ಕೇಳಿ ನಾವು ಕೆಲಸದವರೆಲ್ಲ ಹಾಗೆಯೇ ಕರೆಯತೊಡಗಿದೆವು.

ಆ ಹೋಟೆಲಿನ ಹೆಚ್ಚುಗಾರಿಕೆಯೆಂದರೆ ಜಪಾನಿ ಮಾದರಿಯ ಬಿಸಿನೀರಿನ ಕೊಳ. ಜಪಾನಿನಲ್ಲಿ ನೆಲದೊಳಗಿಂದ ಉಕ್ಕುವ ನೀರಿಗೆ ಬದಲು ಇಲ್ಲಿ ಬಾಯ್ಲರು ಮತ್ತು ಅಲ್ಲಿಂದ ತರಿಸಿದ ಲವಣದ ಪುಡಿ. ನಾನಾಗ ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿ ಇಬ್ಬರು ಗೆಳತಿಯರ ಜೊತೆ ಇದ್ದೆ. ಬೇಸಿಗೆಯಲ್ಲಿ ಅಲ್ಲಿ ನಲ್ಲಿ ತಿರುಗಿಸಿದರೆ ಸುಡುವ ನೀರೇ ಬರುತ್ತಿತ್ತು. ಬಕೆಟ್‌ನಲ್ಲಿ ತುಂಬಿಸಿಟ್ಟು ಆರಿದ ಮೇಲೆ ಮೀಯಬೇಕು. ಇಂಥ ಊರಿನಲ್ಲಿ ಜನ ಕಾಸು ಕೊಟ್ಟು ಬಿಸಿನೀರಿನಲ್ಲಿ ಕೂರುತ್ತಾರಲ್ಲ ಎಂದು ಗೆಳತಿಯರು ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ನನಗಂತೂ ಅಲ್ಲಿಗೆ ಬರುವವರನ್ನು ನೋಡುವುದೇ ಒಂದು ಖುಷಿ. ಕಾಲಿಟ್ಟ ಕೂಡಲೇ ಕೂಗಿ ಹೊರಗೆ ಹಾರುವವರು, ಶ್ಯಾಂಪೂ ಹಿಡಿದು ನೀರಿಗಿಳಿಯಲು ಹೊರಟವರು, ಫೋನ್ ಬಿಟ್ಟಿರಲಾರದೆ ಬಾಗಿಲಲ್ಲೇ ಚಡಪಡಿಸುವವರು. ಬಿಸಿನೀರಿನ ಮುಂದೆ ನಿಂತಾಗ ಮನುಷ್ಯನ ನಿಜವಾದ ಸ್ವಭಾವ ಹೊರಗೆ ಬರುತ್ತದೆ ಎಂಬುದು ನನ್ನ ಅನುಭವ.

ಉಮ್ಮನನ್ನು ಕರೆತಂದದ್ದು ಜೆಬೆಲ್ ಅಲಿಯಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದ ಅವರ ಮಗ. ತಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಮಂಡಿನೋವಿಗೆ ಊರಿನ ಎಣ್ಣೆ, ಡಾಕ್ಟರರ ಗುಳಿಗೆ ಎಲ್ಲ ಮುಗಿದು ಇನ್ನು ಜಪಾನ್ ಒಂದು ಬಾಕಿ ಎಂದು ಅವನು ನಕ್ಕ. ಹೆಂಗಸರ ಸಮಯದಲ್ಲಿ ಅವನು ಒಳಗೆ ಬರುವಂತಿರಲಿಲ್ಲ. ನಾನು ಉಡುಪಿಯವಳು ಎಂದು ತಿಳಿದದ್ದೇ ತಡ, ತಾಯಿಯ ಕೈಯನ್ನು ನನ್ನ ಕೈಗೆ ಕೊಟ್ಟು ಹೋದ.

ಒಳಗೆ ಸ್ನಾನದ ವಿಭಾಗ ಪೂರ್ತಿ ಒಬ್ಬ ಜಪಾನಿ ಹೆಂಗಸಿನ ಆಳ್ವಿಕೆಯಲ್ಲಿತ್ತು. ನಮಗೆಲ್ಲ ಅವರು ಮೇಡಂ. ಮೊದಲು ಮಣೆಯಂಥ ಪುಟ್ಟ ಸ್ಟೂಲಿನ ಮೇಲೆ ಕುಳಿತು ಮೈ ಪೂರ್ತಿ ತೊಳೆದುಕೊಳ್ಳಬೇಕು, ಆಮೇಲೆ ಹೋಟೆಲಿನವರೇ ಕೊಡುವ ತೆಳು ನಿಲುವಂಗಿ ತೊಟ್ಟು ಕೊಳಕ್ಕಿಳಿಯಬೇಕು. ತೊಳೆದ ನೀರಿನ ಒಂದು ಹನಿಯೂ ಕೊಳಕ್ಕೆ ಬೀಳಬಾರದು. ಈ ನಿಯಮ ತಪ್ಪಿದರೆ ಎಂಥ ದೊಡ್ಡ ಅತಿಥಿಯಾದರೂ ಮೇಡಂ ಬಿಡುತ್ತಿರಲಿಲ್ಲ.

ಉಮ್ಮ ತೊಳೆದುಕೊಂಡು ನಿಲುವಂಗಿ ತೊಟ್ಟು ಬಂದರು. ಆದರೆ ಕೊಳಕ್ಕೆ ಇಳಿಯಲಿಲ್ಲ. ಕಟ್ಟೆಯ ಮೇಲೆ ಕುಳಿತು, ಮರದ ಬೋಗುಣಿಯಿಂದ ನೀರು ಮೊಗೆದು ಕಾಲಿಗೆ, ಮಂಡಿಗೆ ಹೊಯ್ದುಕೊಳ್ಳತೊಡಗಿದರು. ಮೇಡಂ ದೂರದಿಂದ ಓಡಿಬಂದರು. ಆಯಿತು, ಇವತ್ತು ನನ್ನ ಗ್ರಹಚಾರ ಎಂದುಕೊಂಡೆ. ಹತ್ತಿರ ಬಂದವರು ಯಾಕೋ ನಿಂತುಬಿಟ್ಟರು. ಉಮ್ಮ ಕಾಲನ್ನು ಹೊರಗಡೆಗೆ ಚಾಚಿಕೊಂಡಿದ್ದರು. ಹೊಯ್ದ ನೀರೆಲ್ಲ ಚರಂಡಿಯ ಕಡೆಗೇ ಹೋಗುತ್ತಿತ್ತು. ಕೊಳಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಇವರು ಯಾಕೆ ಇಳಿಯುವುದಿಲ್ಲ ಕೇಳು ಎಂದು ಮೇಡಂ ನನಗೆ ಮೆಲ್ಲನೆ ಹೇಳಿದರು.

“ನಮ್ಮ ಪಳ್ಳಿಯ ಹೌಳಿಗೆ ಯಾರಾದ್ರೂ ಇಳಿತಾರಾ ಮಗಾ? ಬದಿಯಲ್ಲಿ ಕೂತು ತೊಳೀಬೇಕು” ಎಂದರು ಉಮ್ಮ.

ಹೌಳು ಎಂದರೆ ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಪಳ್ಳಿಯಲ್ಲಿ, ಅಂದರೆ ಮಸೀದಿಯಲ್ಲಿ, ಇರುವ ನೀರಿನ ತೊಟ್ಟಿ. ಅವರ ತಂದೆ ಊರಿನ ಪಳ್ಳಿಯಲ್ಲಿ ಬಾವಿಯಿಂದ ಸೇದಿ ಅದನ್ನು ತುಂಬಿಸುತ್ತಿದ್ದರಂತೆ. ಚಿಕ್ಕವಳಿದ್ದಾಗ ಇವರು ಜೊತೆಗೆ ಹೋಗಿ ಒಮ್ಮೆ ಅದರೊಳಗೆ ಕಾಲು ಇಳಿಬಿಟ್ಟರಂತೆ. ಎಂದೂ ಗದರದ ತಂದೆ ಅವತ್ತು ಗದರಿದರಂತೆ. ಅದಾದ ಮೇಲೆ ಹತ್ತು ಜನ ಉಪಯೋಗಿಸುವ ನೀರಿಗೆ ಅವರು ಕಾಲು ಹಾಕಿದವರಲ್ಲ. ನಾನು ಇಷ್ಟನ್ನೂ ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಉಮ್ಮನಿಗೆ ಸೊಂಟ ಬಗ್ಗಿಸಿ ವಂದಿಸಿ, ಒತ್ತಾಯ ಮಾಡದೆ ಹೋದರು.

ಎರಡನೆಯ ವಾರ ಉಮ್ಮ ಕಟ್ಟೆಯ ಮೇಲೆ ಕುಳಿತು ಉಳಿದವರನ್ನೇ ನೋಡುತ್ತಿದ್ದರು. ಒಬ್ಬ ಜಪಾನಿ ಅತಿಥಿ ನಲ್ಲಿಯ ಮುಂದೆ ಕುಳಿತು ಕಿವಿಯ ಹಿಂದೆ, ಕತ್ತು, ಕಾಲಿನ ಬೆರಳ ಸಂದು ಎಲ್ಲವನ್ನೂ ಪುರುಸೊತ್ತಿನಲ್ಲಿ ತೊಳೆಯುತ್ತಿದ್ದಳು. ಅವಳು ಮುಗಿಸುವವರೆಗೆ ಉಮ್ಮ ಕಣ್ಣು ತೆಗೆಯಲಿಲ್ಲ. “ಇವರು ನಮಗಿಂತ ಚಂದ ತೊಳೀತಾರೆ ಮಾರಾಯ್ತಿ” ಎಂದು, ನನ್ನ ಭುಜ ಹಿಡಿದು ತಾವೇ ನೀರಿಗೆ ಇಳಿದರು. ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿದಾಗ ಅವರ ಮುಖದಲ್ಲಿ ಕಂಡದ್ದು... ಅಪ್ಪನ ಕಣ್ಣು ತಪ್ಪಿಸಿ ಬಂದ ಹುಡುಗಿಯ ನಗು ಎಂದು ನನಗೆ ಅನಿಸಿತ್ತು.

ನೀರು ಮಂಡಿಯನ್ನು ಸಡಿಲಗೊಳಿಸಿತು. ಆಗ ಅವರು ನನಗೆ ನಿಜವಾದ ಆಸೆ ಹೇಳಿದರು. ಕೆಲವು ವರ್ಷಗಳಿಂದ ಅವರು ಕುರ್ಚಿಯ ಮೇಲೆ ಕುಳಿತೇ ನಮಾಜು ಮಾಡುತ್ತಿದ್ದರು. ಊರಿಗೆ ಹೋಗುವುದರೊಳಗೆ ಒಂದೇ ಒಂದು ಸಲ ಹಣೆಯನ್ನು ನೆಲಕ್ಕೆ ಮುಟ್ಟಿಸಬೇಕು. ಅಷ್ಟಕ್ಕೇ ಅವರು ಈ ಬಿಸಿನೀರಿಗೆ ಒಪ್ಪಿದ್ದು. ಮುಂದಿನ ವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಸ್ನಾನ ಮುಗಿಸಿಕೊಂಡು ಹೋಟೆಲಿನ ಪ್ರಾರ್ಥನೆ ಕೋಣೆಗೆ ಹೊರಟೆವು. ಅದು ಇದ್ದದ್ದು ಕಟ್ಟಡದ ಇನ್ನೊಂದು ತುದಿಯಲ್ಲಿ. ಉದ್ದನೆಯ ಓಣಿ, ಹಲ್ಲು ಕಡಿಯುವಂಥ ಏಸಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಂಡಿ ಮತ್ತೆ ಬಿಗಿದಿತ್ತು. ಕುರ್ಚಿಯಲ್ಲೇ ಮಾಡಿ ಮುಗಿಸಿ ಹೊರಗೆ ಬಂದರು. ಹಾಗೆ ಮಾಡಿದರೂ ದೇವರು ಒಪ್ಪುವುದಿಲ್ಲವೇ ಎಂದು ನಾನು ಸಮಾಧಾನ ಹೇಳಿದೆ.

“ಅಲ್ಲಾಹು ಒಪ್ತಾನೆ, ಗೊತ್ತುಂಟು. ನನಗೆ ಒಪ್ಪುದಿಲ್ಲ ಅಲ್ವಾ” ಎಂದರು. ಕಣ್ಣಲ್ಲಿ ನೀರಿತ್ತು.

ಸ್ನಾನದ ಮನೆಗೆ ಅಂಟಿಕೊಂಡೇ ಒಂದು ವಿಶ್ರಾಂತಿ ಕೋಣೆ ಇತ್ತು. ಅಲ್ಲಿ ಏಸಿ ಕಡಿಮೆ. ನೆಲದ ತುಂಬ ಹುಲ್ಲುಚಾಪೆ. ಚಪ್ಪಲಿ ಹೊರಗೆ ಬಿಟ್ಟು ಹೋಗಿ ಮಲಗಬಹುದು, ಕೂರಬಹುದು, ಬಾರ್ಲಿ ಚಹಾ ಕುಡಿಯಬಹುದು. ಅದರಾಚೆ ಮೇಡಂ ಏನನ್ನೂ ಬಿಡುತ್ತಿರಲಿಲ್ಲ. ಉಮ್ಮ ಆ ಚಾಪೆಯನ್ನು ಮುಟ್ಟಿ ನೋಡಿ ಅದರ ಮೇಲೆಯೇ ಮನಸ್ಸಿಟ್ಟಿದ್ದರು. ಅವರ ವೀಸಾ ಮುಗಿಯುತ್ತಾ ಬಂದಿತ್ತು. ಕೊನೆಯ ವಾರ ಅವರು ನೀರಿನಲ್ಲಿದ್ದಾಗ ನಾನು ಧೈರ್ಯ ಮಾಡಿ, ಇವರು ಇಲ್ಲೇ ನಮಾಜು ಮಾಡಬಹುದೇ ಎಂದು ಮೇಡಂ ಹತ್ತಿರ ಕೇಳಿದೆ. ಅವರು ಕೋಣೆಯ ಕಡೆ ತಿರುಗಿ ನೋಡಿದರು. ಆಮೇಲೆ, ಅದರಲ್ಲಿ ಶಬ್ದ ಇದೆಯಾ ಎಂದು ಕೇಳಿದರು. ಇಲ್ಲ ಎಂದೆ.

“ಹಾಗಾದರೆ ಅದೂ ವಿಶ್ರಾಂತಿಯೇ” ಎಂದರು, ತಮ್ಮ ಮುರುಕು ಇಂಗ್ಲಿಷಿನಲ್ಲಿ.

ಅವರೇ ಕಾಗದದ ಪರದೆಯನ್ನು ಎಳೆದು ಒಂದು ಮೂಲೆಯನ್ನು ಮರೆ ಮಾಡಿದರು. ಮೆಕ್ಕಾ ಯಾವ ದಿಕ್ಕಿಗೆ ಎಂದು ಕೇಳಿಕೊಂಡು, ಕೈಯೂರಿ ಬಗ್ಗಲು ಅನುಕೂಲವಾಗಲೆಂದು ಚಹಾದ ಗಿಡ್ಡ ಮೇಜನ್ನು ಪಕ್ಕದಲ್ಲಿ ಇಟ್ಟರು. ಮೀಯುವ ಮನೆಯಿಂದ ಅಂಗಶುದ್ಧಿ ಮುಗಿಸಿಯೇ ಬಂದ ಉಮ್ಮ ಅದನ್ನೆಲ್ಲ ಒಮ್ಮೆ ನೋಡಿದರು. ತಲೆಗೆ ಬಟ್ಟೆ ಸರಿಮಾಡಿಕೊಂಡು ನಿಂತರು.

ನಾನು ಮತ್ತು ಮೇಡಂ ಪರದೆಯ ಸಂದಿನಲ್ಲಿ ನಿಂತಿದ್ದೆವು. ಉಮ್ಮ ಮೇಜಿನ ಮೇಲೆ ಒಂದು ಕೈಯೂರಿ ಮೆಲ್ಲಮೆಲ್ಲನೆ ಬಗ್ಗಿದರು. ಒಂದು ಮಂಡಿ ಚಾಪೆ ಮುಟ್ಟಿತು, ಆಮೇಲೆ ಇನ್ನೊಂದು. ಹಣೆ ಕೆಳಗಿಳಿಯಿತು. ಅವರು ಎಷ್ಟು ಹೊತ್ತಾದರೂ ಏಳಲಿಲ್ಲ. ಏಳಲಾಗದೆ ಸಿಕ್ಕಿಕೊಂಡರೋ ಎಂದು ನನಗೆ ಗಾಬರಿಯಾಗಿ ಒಂದು ಹೆಜ್ಜೆ ಮುಂದಿಟ್ಟೆ. ಮೇಡಂ ನನ್ನ ತೋಳು ಹಿಡಿದು ನಿಲ್ಲಿಸಿದರು. ಉಮ್ಮ ತಲೆ ಎತ್ತಿದರು. ಉಳಿದದ್ದನ್ನು ನೆಲದ ಮೇಲೆ ಕುಳಿತೇ ಮುಗಿಸಿದರು.

ನಮ್ಮ ಕಡೆ ತಿರುಗಿದಾಗ ಅವರ ಹಣೆಯ ಮೇಲೆ ಚಾಪೆಯ ಹೆಣಿಗೆ ಗೆರೆಗೆರೆಯಾಗಿ ಮೂಡಿತ್ತು. ನಾನು ಅದನ್ನೇ ನೋಡುತ್ತಿರುವುದು ತಿಳಿದು ಬೆರಳಿನಿಂದ ತಡವಿ ನೋಡಿಕೊಂಡರು.

“ಅಚ್ಚು ಬಿತ್ತಾ?” ಎಂದು ಕೇಳಿದರು. ಅಷ್ಟು ಸಂತೋಷ ನಾನು ಆ ಹೋಟೆಲಿನಲ್ಲಿ ಮತ್ತೆ ಯಾರ ಮುಖದಲ್ಲೂ ನೋಡಲಿಲ್ಲ.

ಅವರು ಊರಿಗೆ ಹೋದರು. ಕೆಲವು ವರ್ಷಗಳ ನಂತರ ಮಗ ಒಂದು ಮಾಲ್‌ನಲ್ಲಿ ಸಿಕ್ಕಿ, ಉಮ್ಮ ತೀರಿಕೊಂಡರು ಎಂದ. ಊರಲ್ಲಿ ಮತ್ತೆ ಕುರ್ಚಿಯೇ ಆಗಿತ್ತಂತೆ. ನೆಲಕ್ಕೆ ಹಣೆ ಮುಟ್ಟಿಸಿದ್ದು ಅದೊಂದೇ ಸಲ. ದುಬೈಯಲ್ಲಿ ಎಂತ ನೋಡಿದ್ದು ಎಂದು ಯಾರು ಕೇಳಿದರೂ ಚಾಪೆ ಎನ್ನುತ್ತಿದ್ದರಂತೆ. ಹೋಟೆಲಿನ ಆ ವಿಭಾಗ ಈಗಿಲ್ಲ, ಅಲ್ಲಿ ಜಿಮ್ ಬಂದಿದೆ. ಮೇಡಂ ಎಲ್ಲಿದ್ದಾರೋ ಗೊತ್ತಿಲ್ಲ. ಅಷ್ಟು ಹೊತ್ತು ಹಣೆಯೂರಿ ಉಮ್ಮ ಏನು ಕೇಳಿಕೊಂಡರೋ, ಅಥವಾ ಏನನ್ನೂ ಕೇಳಲಿಲ್ಲವೋ... ಎಲ್ಲದಕ್ಕೂ ಮೂಗು ತೂರಿಸುವ ನಾನು ಅದೊಂದನ್ನು ಕೇಳಲಿಲ್ಲ. ಇನ್ನು ಕೇಳಲು ಅವರಿಲ್ಲ.

ಚಾಪೆ ತಂದ ದಿನ ಗಂಡ ಕೆಲಸಕ್ಕೆ ಹೋದ ಮೇಲೆ ಅದನ್ನು ಹಾಲ್‌ನಲ್ಲಿ ಬಿಚ್ಚಿದೆ. ನನ್ನದು ಬೇರೆ ದೇವರು, ಬೇರೆ ಕ್ರಮ. ಆದರೂ ಮಂಡಿಯೂರಿ ಹಣೆಯನ್ನು ಚಾಪೆಗೆ ತಾಗಿಸಿ ಸುಮ್ಮನೆ ಇದ್ದೆ. ಮೂಗಿನ ತುಂಬ ಹುಲ್ಲಿನ ವಾಸನೆ. ಮನಸ್ಸಿಗೆ ಒಂದೂ ಪ್ರಾರ್ಥನೆ ಬರಲಿಲ್ಲ. ಏಳಬೇಕು ಎಂದೂ ಅನಿಸಲಿಲ್ಲ.

ಗಂಟೆ ಬಾರಿಸಿದಾಗ ಎದ್ದು ಬಾಗಿಲು ತೆಗೆದೆ. ಶಾಲೆಯಿಂದ ಬಂದ ಮಗಳು ಅಲ್ಲೇ ನಿಂತು ನನ್ನ ಮುಖ ನೋಡಿದಳು. “ಅಮ್ಮಾ, ವಾಟ್ ಹ್ಯಾಪನ್ಡ್ ಟು ಯುವರ್ ಫೋರ್‌ಹೆಡ್?”

ನನ್ನ ಕೈ ತಾನಾಗಿ ಹಣೆಗೆ ಹೋಯಿತು. ಗೆರೆಗಳು ಬೆರಳಿಗೆ ಸಿಕ್ಕಿದವು.

“ಅಚ್ಚು ಬಿತ್ತಾ?” ಎಂದು ಕೇಳಿದೆ.