ಲೈನ್‌ಮನ್ ಅಂಕಲ್ ಮತ್ತು ಮಾತಾಡದ ಗಾಡಿಗಳು

ಲೈನ್‌ಮನ್ ಅಂಕಲ್ ಅವರ ಮುಂದಿನ ಹಲ್ಲೊಂದರ ಅಂಚಿನಲ್ಲಿ ಅಕ್ಕಿಕಾಳು ಕೂರುವಷ್ಟು ಒಂದು ಕಚ್ಚು ಇತ್ತು. ಮೂವತ್ತೈದು ವರ್ಷ ಟೆಲಿಫೋನ್ ಕಂಬ ಹತ್ತಿ, ಒಂದು ಕೈಯಲ್ಲಿ ಕಂಬವನ್ನು ತಬ್ಬಿ, ಇನ್ನೊಂದರಲ್ಲಿ ವೈರು ಹಿಡಿದು, ಅದರ ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲೇ ಕಚ್ಚಿ ಎಳೆದೂ ಎಳೆದೂ ಸವೆದ ಜಾಗ ಅದು. ನಕ್ಕಾಗ ಮೊದಲು ಕಾಣುತ್ತಿದ್ದುದು ಅದೇ. ಅವರು ನಗದೆ ಇದ್ದ ಹೊತ್ತು ಕಡಿಮೆ.

ಹೊಸಹಳ್ಳಿಯಲ್ಲಿ ನಮ್ಮ ಗ್ಯಾರೇಜಿನ ಮೇಲಿನ ಮನೆಯಲ್ಲಿ ಅವರೂ ಅವರ ಹೆಂಡತಿಯೂ ಇದ್ದರು. ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಬೇರೆಯವರ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ದುಡಿದು, ಸ್ವಂತ ಗ್ಯಾರೇಜು ತೆರೆದ ಹೊಸತು. ಬಂದವರಲ್ಲಿ ಅರ್ಧ ಜನ ಹುಡುಗಿಯಾದ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, ಮೆಕ್ಯಾನಿಕ್ ಇಲ್ಲವೇ ಎಂದು ನನ್ನನ್ನೇ ಕೇಳುತ್ತಿದ್ದರು. ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಅಂಕಲ್ ಈ ಮಾತು ಕೇಳಿ ಅರ್ಧದಲ್ಲೇ ನಿಂತರು. "ಎದುರಿಗೇ ನಿಂತಿದಾರಲ್ಲ ಸಾರ್, ಅವರಿಗೇ ಹೇಳಿ" ಎಂದು ಮೇಲೆ ಹೋದರು. ನಮ್ಮ ಪರಿಚಯ ಶುರುವಾದದ್ದು ಹಾಗೆ.

ರಿಟೈರಾಗಿ ಮನೆಯಲ್ಲಿ ಕೂತವರಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಇಳಿದು ಬಂದು ನನ್ನ ಹಳೇ ಟೈರಿನ ಮೇಲೆ ಪೇಪರ್ ಹಾಸಿ ಕೂರುತ್ತಿದ್ದರು. ತಮಾಷೆಯೆಂದರೆ, ಅವರಿಗೆ ಕಾರು ಎಂದರೆ ಭಯ. ಡ್ರೈವಿಂಗ್ ಕಲಿತವರಲ್ಲ. ಮುಂದಿನ ಸೀಟಿನಲ್ಲಿ ಕೂರುತ್ತಲೂ ಇರಲಿಲ್ಲ. ರಾಜಾಜಿನಗರಕ್ಕೆ ಹೋಗಬೇಕಾದರೂ ಬಸ್ಸೇ ಆಗಬೇಕು. ಎಂಜಿನ್ ಆಫ್ ಆಗಿ ಕೀಲಿ ನನ್ನ ಜೇಬಿಗೆ ಬಿದ್ದ ಮೇಲೇ ಅವರು ಗಾಡಿಯ ಹತ್ತಿರ ಬರುತ್ತಿದ್ದುದು.

ಈಗಿನ ಕಾರುಗಳಲ್ಲಿ ಎಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರ್ ಒಂದಿರುತ್ತದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ತನಗೆ ಏನಾಗಿದೆ ಎಂದು ಅದೇ ಹೇಳುತ್ತದೆ. ಕೆಲವು ಸಲ ಹೇಳುವುದಿಲ್ಲ. ಸಂಪರ್ಕ ಸಿಗುತ್ತಿಲ್ಲ ಎಂಬ ಒಂದೇ ಸಾಲು ಪರದೆಯ ಮೇಲೆ ಬಂದು ನಿಲ್ಲುತ್ತದೆ. ಆಗ ನಮ್ಮಂಥವರಿಗೆ ಕೈಕಾಲು ಆಡುವುದಿಲ್ಲ.

ಮಹಾಲಕ್ಷ್ಮಿ ಲೇಔಟಿನ ಒಬ್ಬ ಆಂಟಿಯ ಗಾಡಿ ಹಾಗೇ ಬಂತು. ಮದುವೆ ಮನೆಗಳಿಗೆ ಒಬ್ಬಟ್ಟು, ಚಿರೋಟಿ ಮಾಡಿ ತಾವೇ ಕಾರಿನಲ್ಲಿ ತಲುಪಿಸುತ್ತಿದ್ದ ಗಟ್ಟಿಗಿತ್ತಿ ಅವರು. ಎಂಜಿನ್ ದೀಪ ಉರಿಯುತ್ತಿತ್ತು, ಏರಿನಲ್ಲಿ ಗಾಡಿ ಎಳೆಯುತ್ತಿರಲಿಲ್ಲ. ಬೇರೆ ಕಡೆ ತೋರಿಸಿದಾಗ ಕಂಪ್ಯೂಟರೇ ಹೋಗಿದೆ ಎಂದಿದ್ದರಂತೆ. ನಾನು ಸ್ಕ್ಯಾನರ್ ಚುಚ್ಚಿದೆ. ಉತ್ತರವಿಲ್ಲ. ಬೇರೆ ಸ್ಕ್ಯಾನರ್ ತಂದು ಚುಚ್ಚಿದೆ. ಅದಕ್ಕೂ ಇಲ್ಲ. ಹೌದು ಆಂಟಿ, ಕಂಪ್ಯೂಟರ್ ಬದಲಾಯಿಸಬೇಕು ಎಂದು ನಾನೂ ಹೇಳಿಬಿಟ್ಟೆ. ಅವರ ಮುಖ ಸಪ್ಪಗಾಯಿತು. ಶ್ರಾವಣದ ಆರ್ಡರುಗಳೆಲ್ಲ ಮುಂದಿದ್ದವು. ಬೇರೆ ದಾರಿಯಿಲ್ಲದೆ ಒಪ್ಪಿ, ಆಟೊ ಹತ್ತಿ ಹೋದರು.

ಅವರು ತಿರುವು ದಾಟುವವರೆಗೂ ಅಂಕಲ್ ಟೈರಿನ ಮೇಲೇ ಕೂತಿದ್ದರು. ಆಮೇಲೆ ಪೇಪರ್ ಮಡಚಿಟ್ಟು, ಗಾಡಿ ಇಲ್ಲಿಗೆ ಹೇಗೆ ಬಂತು ಎಂದು ಕೇಳಿದರು. ಓಡಿಸಿಕೊಂಡೇ ಬಂದರು ಎಂದೆ.

"ಹಂಗಾದ್ರೆ ಕಂಪ್ಯೂಟರ್ ಬದುಕಿದೆ ಕಣಮ್ಮ. ಅದು ಸತ್ತಿದ್ರೆ ಎಂಜಿನ್ ಯಾರು ಓಡಿಸ್ತಾ ಇದ್ರು? ಫೋನ್ ಎತ್ತಲಿಲ್ಲ ಅಂತ ಮನೇಲಿರೋರ್ನ ತೀರ್ಕೊಂಡ್ರು ಅಂತೀಯಾ? ಲೈನ್ ನೋಡು."

ನನಗೆ ಕಿವಿ ಬಿಸಿಯಾಯಿತು. ಕಂಪ್ಯೂಟರಿಂದ ಸಾಕೆಟ್ಟಿಗೆ ಎಷ್ಟು ವೈರು ಬರುತ್ತದೆ ಎಂದು ಕೇಳಿದರು. ಮಾತಿಗೆ ಎರಡು, ಒಂದಕ್ಕೊಂದು ಹೆಣೆದಿರುತ್ತವೆ ಎಂದೆ. ಅವರ ಮುಖ ಅರಳಿದ್ದು ಇವತ್ತಿಗೂ ಕಣ್ಣ ಮುಂದಿದೆ. ಜೀವನವಿಡೀ ಅವರು ದುಡಿದದ್ದು ಹಾಗೆ ಹೆಣೆದ ಜೋಡಿ ವೈರುಗಳ ಜೊತೆಯಲ್ಲೇ. ಮೇಲಿನಿಂದ ವೈರು ಪರೀಕ್ಷಿಸುವ ತಮ್ಮ ಹಳೇ ಮೀಟರ್ ತರಿಸಿದರು. ಹೆಂಡತಿ ಅದನ್ನು ಚೀಲದಲ್ಲಿ ಹಾಕಿ, ಬಾಲ್ಕನಿಯಿಂದ ಹಗ್ಗದಲ್ಲಿ ಇಳಿಬಿಟ್ಟರು.

ಬ್ಯಾಟರಿ ಕಳಚಿ, ಆ ಎರಡು ವೈರುಗಳ ನಡುವೆ ಅಳೆದರೆ ಮೀಟರಿನಲ್ಲಿ ಅರವತ್ತು ಓಮ್‌ನಷ್ಟು ಬರಬೇಕೆಂದು ನಾನು ಓದಿದ್ದೆ. ಓದಿದ್ದೆ ಅಷ್ಟೇ, ಅಳೆದಿರಲಿಲ್ಲ. ಸಾಕೆಟ್ಟಿನಲ್ಲಿ ಅಳೆದಾಗ ಏನೂ ಬರಲಿಲ್ಲ, ಬರೀ ಖಾಲಿ. ಕಂಪ್ಯೂಟರಿನ ಹತ್ತಿರ ಅಳೆದಾಗ ಸರಿಯಾಗಿ ಅರವತ್ತು. ಅಂದರೆ ನಡುವೆ ಎಲ್ಲೋ ವೈರು ಕಡಿದಿದೆ. ಡ್ರೈವರ್ ಕಾಲಿನ ಕೆಳಗಿನ ಮ್ಯಾಟು ಎತ್ತಿದೆವು. ಒಬ್ಬಟ್ಟಿನ ಚೂರು, ತುಪ್ಪದ ಜಿಡ್ಡು, ಇಲಿಯ ಹಿಕ್ಕೆ. ತುಪ್ಪದ ವಾಸನೆಗೆ ಬಂದ ಇಲಿ, ಊಟ ಮುಗಿದ ಮೇಲೆ ಒಂದು ವೈರನ್ನೂ ಕಡಿದು ಹೋಗಿತ್ತು. ಅಂಕಲ್ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ವೈರು ಸೇರಿಸಿದ ಕೂಡಲೇ ಕಂಪ್ಯೂಟರ್ ಮಾತಾಡಿತು. ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿದೆ ಎಂದಿತು. ಒರೆಸಿದೆ, ದೀಪ ಆರಿತು. ಇನ್ನು ಆಂಟಿಗೆ ಹೇಳಬೇಕಿತ್ತು. ನನಗೆ ನಾಚಿಕೆ. ಅಂಕಲ್, ನೀವೇ ಫೋನ್ ಮಾಡಿ ಎಂದೆ. ಅವರು ತಲೆ ಅಲ್ಲಾಡಿಸಿದರು.

"ನಾನು ಹೇಳಿದ್ರೆ ನಾನು ಜಾಣ, ನೀನು ದಡ್ಡಿ ಆಗ್ತೀಯ. ತಪ್ಪಾಗಿ ಹೇಳಿದ್ದೆ, ಕಂಪ್ಯೂಟರ್ ಚೆನ್ನಾಗಿದೆ ಅಂತ ನೀನೇ ಹೇಳು. ಇನ್ಮುಂದೆ ನೀನು ಏನು ಹೇಳಿದ್ರೂ ನಂಬ್ತಾರೆ."

ಹೇಳಿದೆ. ನೀನು ಸುಮ್ಮನಿದ್ದಿದ್ದರೆ ನನಗೇನು ಗೊತ್ತಾಗುತ್ತಿತ್ತಮ್ಮ ಎಂದರು ಆಂಟಿ. ಮಾರನೆಯ ದಿನ ಗಾಡಿ ಒಯ್ಯಲು ಬಂದಾಗ ಡಬ್ಬಿ ತುಂಬ ಒಬ್ಬಟ್ಟು ತಂದಿದ್ದರು. ಆಮೇಲೆ ಅವರ ಅಣ್ಣನ ಗಾಡಿ, ಬೀಗರ ಗಾಡಿ, ಬೀದಿಯವರ ಗಾಡಿಗಳೆಲ್ಲ ನಮ್ಮಲ್ಲಿಗೇ ಬಂದವು. ಮೆಕ್ಯಾನಿಕ್ ಎಲ್ಲಿ ಎಂದು ಅವರ್ಯಾರೂ ಕೇಳಲಿಲ್ಲ.

ಅಂಕಲ್ ಎಂದೂ ತಪ್ಪು ಮಾಡುತ್ತಿರಲಿಲ್ಲ ಎಂದಲ್ಲ. ಬಸವೇಶ್ವರನಗರದ ಒಬ್ಬ ಡಾಕ್ಟರ ಕಾರು ಸ್ಕ್ಯಾನರಿಗೆ ಉತ್ತರ ಕೊಡದಿದ್ದಾಗ, ಲೈನ್ ಕಡಿದಿದೆ ಎಂದು ಅಂಕಲ್ ಹಟ ಹಿಡಿದರು. ಸೀಟು ಬಿಚ್ಚಿಸಿದರು, ಕಾರ್ಪೆಟ್ ಎಬ್ಬಿಸಿದರು. ಸಂಜೆಯವರೆಗೂ ಹುಡುಕಿದರೂ ವೈರುಗಳೆಲ್ಲ ಸರಿಯಾಗಿಯೇ ಇದ್ದವು. ನಾನು ಬೇಸತ್ತು ಸ್ಕ್ಯಾನರನ್ನು ಪಕ್ಕದಲ್ಲಿದ್ದ ಚೆನ್ನಾಗಿರುವ ಕಾರಿಗೆ ಚುಚ್ಚಿ ನೋಡಿದೆ. ಅಲ್ಲೂ ಮಾತಿಲ್ಲ. ನನ್ನ ಸ್ಕ್ಯಾನರಿನ ಕೇಬಲ್ಲೇ ಒಳಗೊಳಗೆ ತುಂಡಾಗಿತ್ತು. ಹೇಗೆ ಹೇಳುವುದೆಂದು ತಿಳಿಯದೆ ಕೇಬಲ್ ಎತ್ತಿ ತೋರಿಸಿದೆ.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಊರಿಗೆಲ್ಲ ಮೊದಲು ನಿಮ್ಮ ರಿಸೀವರ್ ನೋಡ್ಕೊಳ್ಳಿ ಎಂದು ಹೇಳುತ್ತಿದ್ದವನು ನಾನೇ ಎಂದು ಹಣೆ ಹೊಡೆದುಕೊಂಡರು. ನಂತರ ಬಾಲ್ಕನಿಯ ಕಡೆ ಮುಖ ಮಾಡಿ, "ಕೇಳಿಸ್ತೇನೇ, ಹುಡುಗಿ ನನ್ನ ಮೀರಿಸಿಬಿಟ್ಳು" ಎಂದು ಕೂಗಿದರು. ಮಾರನೆಯ ದಿನ ಬೆಳಿಗ್ಗೆ ಹಾಲಿನ ಬೂತಿನವನಿಗೂ, ಇಸ್ತ್ರಿಯವನಿಗೂ, ಮೆಟ್ರೊ ಸ್ಟೇಷನ್ ಮುಂದೆ ಹೂ ಮಾರುವ ಅಮ್ಮನಿಗೂ ತಾವು ಸೋತ ಕಥೆಯನ್ನು ತಾವೇ ಹೇಳಿಕೊಂಡು ಬಂದರು. ಸೋತು ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ನೋಡಿಲ್ಲ.

ಅಂಕಲ್ ಅವರ ಮೊಣಕಾಲು ಮೆಟ್ಟಿಲು ಹತ್ತಲು ಒಪ್ಪದಾದಾಗ ಮಗಳು ಇಬ್ಬರನ್ನೂ ಕೆಂಗೇರಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿಂದ ದಿನಾ ಸಂಜೆ ಫೋನ್ ಬರುತ್ತಿತ್ತು. "ಇವತ್ತು ಯಾವ ಗಾಡಿ ಮಾತಾಡ್ಲಿಲ್ಲ?" ಎಂದೇ ಶುರು. ನಾನು ಮೀಟರಿನ ಅಂಕಿ ಹೇಳಬೇಕು, ಅವರು ಯೋಚಿಸಬೇಕು. ಯಾವ ಗಾಡಿಯೂ ಬರದ ದಿನ ಅವರ ದನಿ ಸ್ವಲ್ಪ ಇಳಿಯುತ್ತಿತ್ತು. ಅಂಥ ದಿನಗಳಲ್ಲಿ ಒಂದೆರಡು ಗಾಡಿಗಳ ಕಥೆಯನ್ನು ನಾನೇ ಕಟ್ಟಿ ಹೇಳಿದ್ದೂ ಉಂಟು.

ಹೋದ ವರ್ಷ ಒಂದು ಗಾಡಿ ನನ್ನನ್ನು ಹತ್ತು ದಿನ ಕಾಡಿಸಿತು. ತಣ್ಣಗಿದ್ದಾಗ ಚೆನ್ನಾಗಿ ಮಾತಾಡುವುದು, ಬಿಸಿಯಾದರೆ ಮೌನ. ಅಂಕಲ್ ದಿನಾ ಒಂದೊಂದು ಜಾಗ ಹೇಳಿದರು, ಯಾವುದೂ ಅಲ್ಲ. ಹತ್ತನೆಯ ದಿನ ಮಧ್ಯಾಹ್ನ ನನಗೇ ಸಿಕ್ಕಿತು. ತಡೆಯಲಾಗದೆ ಕೂಡಲೇ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ಬೆಳಿಗ್ಗೆಯಿಂದ ಸುಸ್ತು ಅಂತಿದ್ದರು, ಮಲಗಿದ್ದಾರೆ ಎಂದರು. ಗಾಡಿ ಸರಿಯಾಯಿತು ಅಂತ ಹೇಳಿ, ಹೇಗೆ ಅಂತ ನಾಳೆ ನಾನೇ ಬಂದು ಹೇಳುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಮಗಳ ಫೋನ್ ಬಂತು. ಅಂಕಲ್ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಮೆಟ್ರೊ ಹಿಡಿದು ಕೆಂಗೇರಿಗೆ ಹೋದೆ. ನೆಂಟರೆಲ್ಲ ನಡುಮನೆಯಲ್ಲಿ ಕೂತಿದ್ದರು. ಅವರ ಹೆಂಡತಿ ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ನಾನು ಫೋನ್ ಮಾಡಿದ್ದನ್ನು ಅಂಕಲ್ ಎದ್ದ ಮೇಲೆ ಇವರು ಹೇಳಿದರಂತೆ. ಏನಾಗಿತ್ತಂತೆ ಎಂದು ಅಂಕಲ್ ಎರಡು ಸಲ ಕೇಳಿದರಂತೆ, ಇವರಿಗೆ ಗೊತ್ತಿರಲಿಲ್ಲ. ನಾಳೆ ಬರ್ತಾಳಲ್ಲ, ಕೇಳ್ತೀನಿ ಎಂದು ಮೊಸರನ್ನ ತಿಂದು ಮಲಗಿದರಂತೆ.

ನಾನು ಅವರ ಪಕ್ಕದಲ್ಲಿ ಕೂತೆ. ಆಮೇಲೆ ಅವರು ನನ್ನ ಕೈ ಹಿಡಿದರು.

"ಹೇಳಮ್ಮ. ಏನಾಗಿತ್ತು ಆ ಗಾಡಿಗೆ?"

ನಾನು ಅಂಕಲ್ ಮಲಗಿದ್ದ ಕಡೆಗೆ ತಿರುಗಿ ಕೂತು ಹೇಳಿದೆ. ಬ್ಯಾಟರಿ ಟ್ರೇ ಕೆಳಗಿದ್ದ ಅರ್ಥಿಂಗ್ ವೈರಿನ ಬೋಲ್ಟು ತುಕ್ಕು ಹಿಡಿದಿದ್ದುದು, ಬಿಸಿಗೆ ಅದು ಸಡಿಲವಾಗುತ್ತಿದ್ದುದು, ಗಾಡಿ ಬಿಸಿಯಿರುವಾಗಲೇ ಕೈ ಸುಟ್ಟುಕೊಂಡು ಮೀಟರ್ ಹಿಡಿದು ನಾನು ಅದನ್ನು ಕಂಡುಹಿಡಿದದ್ದು, ಎಲ್ಲವನ್ನೂ ಒಂದು ಅಂಕಿಯನ್ನೂ ಬಿಡದೆ ಹೇಳಿದೆ.